ಮುಂದುವರಿಯತಕ್ಕವರು

ಅಕ್ಕನ ಮನೆಯ ಬಾಗಿಲು ದಾಟುವಾಗ ಸದ್ದಾಗಬಾರದೆಂದು ಅವನು ಮೇಲಿನ ತನ್ನ ಮನೆಯಿಂದ ಗೋಡೆಯ ಬದಿಗೆ ಒತ್ತಿಕೊಂಡು ಇಳಿಯುತ್ತಿದ್ದ. ಆದರೂ ಮರದ ಮೆಟ್ಟಿಲು ಕಿರ್ರೆಂದಿತು. ಬಾಗಿಲು ತೆರೆದು ನಿಂತ ಅಕ್ಕನ ಬಾಯಲ್ಲಿ ಬ್ರಷ್ಷಿತ್ತು, ಗಲ್ಲದ ಮೇಲೆ ನೊರೆಯಿತ್ತು. "ಕಳ್ಳನ ಹಾಗೆ ಯಾಕೋ ಇಳೀತೀಯ? ಇವತ್ತೂ ಮಾತುಕತೆನಾ?" ಎಂದಳು. ಹೂಂ ಎಂದ. "ಏನಾದ್ರೂ ದಾರಿಗೆ ಬರುತ್ತಾ?" "ಹೇಳೋ ಹಾಗಿಲ್ಲ ಅಕ್ಕ." "ಗೊತ್ತಿಲ್ಲ ಅನ್ನು, ಸುಮ್ಮನಾಗ್ತೀನಿ. ಹೇಳೋ ಹಾಗಿಲ್ಲ ಅಂದ್ರೆ ಮೈ ಉರಿಯುತ್ತೆ." ಒಳಗಿನಿಂದ ಭಾವ, ಬೆಳಿಗ್ಗೆ ಬೆಳಿಗ್ಗೆಯೇ ಅವನ ತಲೆ ತಿನ್ನಬೇಡ ಮಾರಾಯ್ತಿ ಎಂದು ಕೂಗಿದ. ಅವಳು ನಕ್ಕು ಬಾಗಿಲು ಹಾಕಿಕೊಂಡಳು. ಆ ನಗುವಿನಿಂದ ಅವನಿಗೆ ಇನ್ನೂ ಕಿರಿಕಿರಿಯಾಯಿತು. ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಂಡವನಿಗೆ ಇಡೀ ದಿನ ಬೈದವರ ಮೇಲೊಂದು ಹಕ್ಕಿರುತ್ತದೆ. ನಗೆಗೀಡಾದವನಿಗೆ ಏನೂ ಇರುವುದಿಲ್ಲ. ಅಕ್ಕ ಶಾಸನಸಭೆಯ ಸದಸ್ಯೆ. ಅವನು ಅದೇ ಕಟ್ಟಡದ ಹಿಂಭಾಗದಲ್ಲಿ ಕಾನೂನುಗಳ ಕರಡು ಬರೆಯುವವನು. ವಾಕ್ಯಗಳ ನಡುವಿನ ಗೆರೆ-ಚುಕ್ಕೆಗಳ ಬಗ್ಗೆ ಅವನು ಜಗಳವಾಡುತ್ತಾನೆಂದು ಸಹೋದ್ಯೋಗಿಗಳು ಅವನಿಗೆ 'ಅಲ್ಪವಿರಾಮ' ಎಂದು ಹೆಸರಿಟ್ಟಿದ್ದರು. ಹಿಂದಿನಿಂದ ಅಷ್ಟೇ ಅಲ್ಲ, ಎದುರಿಗೇ ಕರೆಯುತ್ತಿದ್ದರು.

ನಗರವು ದೂರದ ಒಂದು ಸರ್ಕಾರದ ಕೈಯಿಂದ ಪಕ್ಕದ ಒಂದು ದೊಡ್ಡ ದೇಶದ ಕೈಗೆ ಹೋಗುವುದೆಂದು ಅವನು ಕಾಲೇಜಿನಲ್ಲಿದ್ದಾಗಲೇ ಒಪ್ಪಂದವಾಗಿತ್ತು. ಜನ ಈಚೆಗೆ ಎರಡು ಸರ್ಕಾರಗಳ ಹೆಸರನ್ನೂ ಎತ್ತುತ್ತಿರಲಿಲ್ಲ; ಹೋಗುವವರು, ಬರುವವರು, ಅಷ್ಟೇ. ನೀರು, ನ್ಯಾಯಾಲಯ, ಪೊಲೀಸರು, ಆಸ್ಪತ್ರೆ, ಸ್ಮಶಾನದ ಗುತ್ತಿಗೆ ಕೂಡ ಯಾವ ತಕರಾರಿಲ್ಲದೆ ಮುಂದುವರಿಯುವುದೆಂದು ತೀರ್ಮಾನವಾಗಿತ್ತು. ಉಳಿದದ್ದು ಶಾಸನಸಭೆ ಒಂದೇ. ಜನ ಚುನಾಯಿಸಿದ ಸಭೆ. ಅದರ ಅವಧಿಯ ನಟ್ಟನಡುವೆ ಹಸ್ತಾಂತರದ ದಿನ ಬೀಳುತ್ತಿತ್ತು. ಸದಸ್ಯರು ಇದ್ದಂತೆಯೇ ಇರಬೇಕು ಎಂದು ಹೋಗುವವರು. ನಾವು ನೋಡಿ ಒಪ್ಪಿದವರು ಮಾತ್ರ ಇರಬೇಕು ಎಂದು ಬರುವವರು. ಈ ಎರಡು ವಾಕ್ಯಗಳ ನಡುವೆ ಒಂದು ಇಡೀ ಬೇಸಿಗೆ ಕಳೆದುಹೋಗಿತ್ತು. ಉದ್ದನೆಯ ಮೇಜು, ಮೇಲೆ ಮುಚ್ಚಳವಿಟ್ಟ ನೀರಿನ ಲೋಟಗಳು, ತಣ್ಣಗೆ ಕೊರೆಯುವ ಯಂತ್ರ. ಹೋಗುವವರ ನಿಯೋಗದ ಮುಖ್ಯಸ್ಥರಾದ ರಾಯಭಾರಿಗಳು ಅವನನ್ನು ಪ್ರತಿ ಸಲವೂ "ನಮ್ಮ ಸ್ಥಳೀಯ ಸ್ನೇಹಿತರು" ಎಂದು ಪರಿಚಯಿಸುತ್ತಿದ್ದರು. ಹಾಗೆನ್ನುವಾಗ ಭುಜದ ಮೇಲೆ ಕೈಯಿಡುತ್ತಿದ್ದರು. ಆ ಕೈ ಇಟ್ಟ ಜಾಗ ಊಟದ ಹೊತ್ತಿನವರೆಗೂ ಬೆಚ್ಚಗಿರುತ್ತಿತ್ತು. ಎದುರಿನವರಿಗೆ ಅವನು ಹೋಗುವವರ ಕಡೆಯವನು. ಇವರಿಗೆ ಸ್ನೇಹಿತ. ಅವನ ಊರಿನ ಬಗ್ಗೆ ನಡೆಯುತ್ತಿದ್ದ ಮಾತಿನಲ್ಲಿ ಅವನ ಊರಿನವನು ಅವನೊಬ್ಬನೇ, ಮತ್ತು ಮಾತಾಡುವ ಅಧಿಕಾರವಿಲ್ಲದವನೂ ಅವನೊಬ್ಬನೇ.

'ಪ್ರಮಾಣವಚನ ಸ್ವೀಕರಿಸಿದ ಸದಸ್ಯರು ಮುಂದುವರಿಯತಕ್ಕದ್ದು' ಎಂದು ಅವನು ಬರೆದಿದ್ದ. ಎದುರಿನವರು ಅದನ್ನು 'ಅರ್ಹರೆಂದು ಕಂಡುಬಂದ ಸದಸ್ಯರು ಮುಂದುವರಿಯಬಹುದು' ಎಂದು ತಿದ್ದಿ ಕಳಿಸುತ್ತಿದ್ದರು. ಅವನು ಮತ್ತೆ ಮೊದಲಿನಂತೆ ಮಾಡುವುದು, ಅವರು ಮತ್ತೆ ತಿದ್ದುವುದು. ಯಾರಿಗೆ ಕಂಡುಬರಬೇಕು ಎಂದು ರಾಯಭಾರಿಗಳು ಕೇಳಿದರೆ, ಕಣ್ಣಿರುವವರಿಗೆ ಎಂದು ಎದುರಿನವರು ನಗುತ್ತಿದ್ದರು. ನಗದೆ ಇದ್ದವನು ಅವರ ಕರಡುಗಾರ ಒಬ್ಬನೇ; ಹೊರಗೆ ಎಷ್ಟು ಸೆಕೆಯಿದ್ದರೂ ಬೂದು ಬಣ್ಣದ ಕೋಟು ತೆಗೆಯದ ಸಣಕಲು ಮನುಷ್ಯ. ಅವನಿಗೂ ಎದೆಯುರಿ, ಇವನಿಗೂ ಎದೆಯುರಿ. ಮೊದಲ ವಾರದಲ್ಲೇ ಮೊಗಸಾಲೆಯಲ್ಲಿ ಮಾತ್ರೆ ಹಂಚಿಕೊಂಡಿದ್ದರು. ಬೂದು ಕೋಟಿನವನು ಈ ಊರಿನ ಭಾಷೆಯನ್ನು ಪುಸ್ತಕದಿಂದ ಕಲಿತವನು, "ತಮಗೆ ಉಪಶಮನವಾಯಿತೇ?" ಎಂದು ಕೇಳುತ್ತಿದ್ದ. ಇಡೀ ಕೋಣೆಯಲ್ಲಿ ತನ್ನ ಕಷ್ಟ ತಿಳಿಯುವವನು ಈ ಎದುರಾಳಿ ಒಬ್ಬನೇ ಎಂದು ಅವನಿಗೆ ಅನಿಸುತ್ತಿತ್ತು. ಒಂದು ಕ್ರಿಯಾಪದಕ್ಕಾಗಿ ನಿದ್ದೆಗೆಟ್ಟವರಿಗೆ ಮಾತ್ರ ಸಿಗುವ ಸಲಿಗೆ ಅದು.

ಆ ದಿನ ಮಧ್ಯಾಹ್ನ ಮಾತು ಪೂರಾ ನಿಂತುಹೋಯಿತು. ಎರಡೂ ಕಡೆಯವರು ತಮ್ಮ ತಮ್ಮ ಲೋಟ ನೋಡುತ್ತ ಕೂತರು. ಅವನು ಕಿಟಕಿಯಾಚೆ ನೋಡಿದ. ಎದುರಿನ ಮನೆಯ ತಾರಸಿಯ ಮೇಲೊಂದು ನಾಯಿ ಅತ್ತಿಂದಿತ್ತ ಓಡುತ್ತಿತ್ತು. ಅವನೂ ಅಕ್ಕನೂ ಬೆಳೆದ ಬಾಡಿಗೆ ಮನೆಯನ್ನು ಮಾಲೀಕರು ಮಾರಿದಾಗ ಅವನಿಗೆ ಏಳೋ ಎಂಟೋ ವರ್ಷ. ಹೊಸ ಮಾಲೀಕ ಹೊಸಿಲಾಚೆಯೇ ನಿಂತು, ನೀವೆಲ್ಲ ಇರಿ, ಆ ನಾಯಿಯೊಂದು ಬೇಡ ಎಂದಿದ್ದ. ಅಪ್ಪ ಒಂದು ನಿಮಿಷವೂ ಯೋಚಿಸಲಿಲ್ಲ. ಸಂಜೆಯೊಳಗೆ ನಾಯಿ ಯಾರದೋ ಗೋದಾಮು ಸೇರಿತ್ತು. ಅಕ್ಕ ಎರಡು ದಿನ ಅನ್ನ ಮುಟ್ಟಲಿಲ್ಲ. ಅಪ್ಪನ ಮುಖ ನೋಡಿ, ನಾಳೆ ಇವನನ್ನೂ ಬೇಡ ಅಂದ್ರೆ ಇವನನ್ನೂ ಕೊಟ್ಟುಬಿಡ್ತೀರಾ ಎಂದು ತಮ್ಮನ ಕಡೆ ಬೆರಳು ಮಾಡಿದಳು. ಆದರೆ ಆ ಮನೆಯಲ್ಲಿ ಅವರು ಮುಂದೆ ಎಷ್ಟೋ ವರ್ಷ ಇದ್ದರು. ಅವನು ಆ ಅಂಗಳದಲ್ಲಿ ಸೈಕಲ್ ಕಲಿತ, ಅಕ್ಕನ ಮದುವೆ ಅಲ್ಲೇ ಆಯಿತು. ನಿಜ ಹೇಳಬೇಕೆಂದರೆ ಅವನಿಗೆ ನಾಯಿಯ ನೆನಪಾದದ್ದೂ ಕಡಿಮೆ. ಅಪ್ಪ ಮಾಡಿದ್ದು ಸರಿಯಾಗಿತ್ತು. ಏನಾದರೊಂದನ್ನು ಬಿಟ್ಟರೇ ಉಳಿದದ್ದು ನಿಲ್ಲುವುದು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಯಾರಿಗೂ ಇರುವುದಿಲ್ಲ, ಅಷ್ಟೇ. ಈ ಯೋಚನೆಗೆ ಒಳ್ಳೆಯ ಕರಡಿಗಿರುವ ಅಚ್ಚುಕಟ್ಟುತನವಿತ್ತು.

ವಿರಾಮದಲ್ಲಿ ರಾಯಭಾರಿಗಳ ಬಳಿ ಹೋಗಿ ಹೇಳಿದ. ಒಪ್ಪಂದವನ್ನೇ ವಿರೋಧಿಸಿ ಬಹಿರಂಗ ಮನವಿಗೆ ಸಹಿ ಹಾಕಿದ ಸದಸ್ಯರು ನಾಲ್ವರು. ಬರುವವರ ಕೋಪವೆಲ್ಲ ಆ ನಾಲ್ವರ ಮೇಲೆ. ಅಂಥವರು ಮುಂದುವರಿಯತಕ್ಕದ್ದಲ್ಲ ಎಂದು ಒಂದು ಸಾಲು ಸೇರಿಸಿದರೆ, ಉಳಿದ ಸಭೆಯೆಲ್ಲ ಉಳಿಯುತ್ತದೆ. ರಾಯಭಾರಿಗಳು ಚಹಾದ ಬಟ್ಟಲನ್ನು ತಟ್ಟೆಯ ಮೇಲಿಟ್ಟು, ಅದರ ಹಿಡಿಯನ್ನು ಬೆರಳಿನಿಂದ ನೆಟ್ಟಗೆ ಮಾಡಿ, "ನೀವು ಹೇಳಿಲ್ಲ. ನಾನು ಕೇಳಿಲ್ಲ. ಮೊಗಸಾಲೆಯಲ್ಲಿ ಯಾರು ಯಾರ ಜೊತೆ ಏನು ಮಾತಾಡ್ತಾರೋ ನನಗೆ ಹೇಗೆ ಗೊತ್ತಾಗಬೇಕು?" ಎಂದರು. ಭುಜದ ಮೇಲೆ ಕೈಯಿಟ್ಟರು.

ಬೂದು ಕೋಟಿನವನು ಮೊಗಸಾಲೆಯ ಕೊನೆಯಲ್ಲಿ ಮಾತ್ರೆ ಚೀಪುತ್ತ ನಿಂತಿದ್ದ. ಪೂರ್ತಿ ಕೇಳಿಸಿಕೊಂಡ. ನಂತರ ದನಿ ತಗ್ಗಿಸಿ, "ಮೊದಲನೆಯ ಸಹಿ ತಮ್ಮ ಅಕ್ಕನವರದಲ್ಲವೇ?" ಎಂದ. "ಹೌದು" ಎಂದ. "ಆದರೂ ತಾವೇ ಸೂಚಿಸುತ್ತಿರುವಿರಿ." "ಸಭೆ ಉಳೀಬೇಕು. ಅಷ್ಟೇ ನನಗೆ ಬೇಕಿರೋದು." ಬೂದು ಕೋಟಿನವನು ತಲೆಯಾಡಿಸಿದ. ಆ ಕಣ್ಣಲ್ಲಿ ಗೌರವವಿತ್ತೆಂದೇ ಅವನಿಗೆ ಅನಿಸಿತು. ಆ ರಾತ್ರಿ ಊಟ ರುಚಿಸಿತು. ತಾನು ಮಾಡಿದ್ದು ದೊಡ್ಡದು, ಯಾರಿಗೂ ಗೊತ್ತಾಗದ್ದರಿಂದ ಇನ್ನೂ ದೊಡ್ಡದು ಎಂದುಕೊಂಡ. ಕೆಳಗಿನ ಮನೆಯಲ್ಲಿ ಅಕ್ಕ ಯಾರಿಗೋ ಫೋನಿನಲ್ಲಿ ಗದರುತ್ತಿದ್ದುದನ್ನು ಕೇಳುತ್ತ, ಅವಳ ಬಗ್ಗೆ ಕಣ್ಣಲ್ಲಿ ನೀರು ಬರುವಷ್ಟು ಪ್ರೀತಿ ತುಂಬಿಕೊಂಡ.

ಮುಂದಿನ ಮಾತುಕತೆಗೆ ಕೂರುತ್ತಿದ್ದಂತೆಯೇ ಬರುವವರ ಮುಖ್ಯಸ್ಥ ಎದ್ದು ನಿಂತ. "ನಮಗೆ ಬಹಳ ಸಂತೋಷವಾಗಿದೆ. ಸದಸ್ಯರಲ್ಲಿ ಕೆಲವರು ಅನರ್ಹರು ಅಂತ ನಿಮ್ಮ ಕಡೆಯಿಂದಲೇ ಬಂದಿದೆ. ಅಂದರೆ ಆರಿಸಿ ತೆಗೆಯೋದು ತಪ್ಪಲ್ಲ ಅಂತ ಇಬ್ಬರೂ ಒಪ್ಪಿದ ಹಾಗಾಯ್ತು. ಇನ್ನು ಉಳಿದ ಪ್ರಶ್ನೆ, ಆರಿಸೋದು ಯಾರು ಅನ್ನೋದು. ನಾಳೆಯಿಂದ ಮನೆ ಯಾರದೋ ಅವರೇ ಆರಿಸ್ತಾರೆ" ಎಂದ. ದುಭಾಷಿ ಪ್ರತಿ ವಾಕ್ಯವನ್ನೂ ನಿಧಾನವಾಗಿ ಹೇಳಿ ಮುಗಿಸುವವರೆಗೆ ಅವನು ಮೇಜಿನ ಮರದ ಗೆರೆಗಳನ್ನು ನೋಡುತ್ತಿದ್ದ. ರಾಯಭಾರಿಗಳು ತಿರುಗಿ ಅವನನ್ನು ನೋಡಿದರು, ಎಲ್ಲರೂ ನೋಡುವ ಹಾಗೆ, ಆಶ್ಚರ್ಯಗೊಂಡವರ ಹಾಗೆ. "ಅದು ನಮ್ಮ ನಿಯೋಗದ ಅಭಿಪ್ರಾಯವಲ್ಲ. ಯಾರೋ ವೈಯಕ್ತಿಕವಾಗಿ ಆಡಿದ ಮಾತಿರಬೇಕು" ಎಂದರು. ಬೂದು ಕೋಟಿನವನು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ. ಈ ಕಡೆ ನೋಡಲಿಲ್ಲ. ಇಡೀ ಬೇಸಿಗೆಯಲ್ಲಿ ಅವರು ಹುಡುಕುತ್ತಿದ್ದದ್ದು ಒಂದು ಸಾಲು. ಅದನ್ನು ತಾನು ಮೊಗಸಾಲೆಗೆ ಹೊತ್ತುಕೊಂಡು ಹೋಗಿ ಅವರ ಕೈಯಲ್ಲಿಟ್ಟು ಬಂದಿದ್ದ. ನಾಲ್ವರನ್ನು ತೆಗೆಯಬಹುದಾದರೆ ನಲವತ್ತು ಜನರನ್ನೂ ತೆಗೆಯಬಹುದು. ಇಷ್ಟು ಸರಳವಾದದ್ದು ಕಾನೂನು ಓದಿದ ತನ್ನ ತಲೆಗೆ ಹೊಳೆಯಲಿಲ್ಲವಲ್ಲ. ಮಧ್ಯಾಹ್ನದೊಳಗೆ ಮಾತುಕತೆ ಮುರಿದುಬಿತ್ತು. ಹಸ್ತಾಂತರದ ಗಳಿಗೆಯಲ್ಲಿ ಸಭೆ ಕೊನೆಗೊಳ್ಳುವುದು. ಆಮೇಲೆ ಬರುವವರು ತಾವೇ ಒಂದು ಮಂಡಳಿಯನ್ನು ನೇಮಿಸಿಕೊಳ್ಳುವರು.

ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಬಂತು. ಅವನ ಹೆಸರಿರಲಿಲ್ಲ, 'ನಿಯೋಗದ ಸ್ಥಳೀಯ ಕರಡುಗಾರ' ಎಂದಿತ್ತು. ಹಾಗಿದ್ದವನು ಒಬ್ಬನೇ. ಸಂಜೆ ಮೆಟ್ಟಿಲು ಹತ್ತುವಾಗ ಅಕ್ಕನ ಬಾಗಿಲು ತೆರೆದೇ ಇತ್ತು. ಅವಳು ಇಸ್ತ್ರಿ ಮಾಡುತ್ತಿದ್ದಳು. ಭಾವ ಅವನನ್ನು ನೋಡಿದವನೇ ಎದ್ದು, ಬೇಕಿಲ್ಲದ ಏನನ್ನೋ ತರಲು ಅಂಗಡಿಗೆ ಹೊರಟುಹೋದ. ಅವನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಚೆನ್ನಾಗಿದ್ದವು, ಅದಕ್ಕೇ ಒಂದೂ ಬಾಯಿಗೆ ಬರಲಿಲ್ಲ.

"ನಾಲ್ವರು ಅಂದ್ಯಂತೆ" ಎಂದಳು ಅಕ್ಕ, ಅಂಗಿಯ ತೋಳನ್ನು ನೆಟ್ಟಗೆ ಹಾಸುತ್ತ.

"ಹೂಂ."

"ನಾನೊಬ್ಬಳು. ಉಳಿದ ಮೂವರು ಯಾರು, ಹೇಳು."

"ಕಣ್ಣಿನ ಡಾಕ್ಟರು. ಬಂದರಿನ ಸಂಘದವರು." ಮೂರನೆಯವರ ಮುಖ ಅವನಿಗೆ ಹೊಳೆಯಲಿಲ್ಲ. ಮನವಿಯ ಕಾಗದವನ್ನು ನೆನಪಿಸಿಕೊಂಡ. ಅಕ್ಕನ ಸಹಿ ಕಂಡಿತು, ಉಳಿದದ್ದೆಲ್ಲ ಮಸುಕು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ಓಡಾಡುತ್ತಿತ್ತು. ಅವಳು ಅವಸರ ಮಾಡಲಿಲ್ಲ, ನೆರವಿಗೂ ಬರಲಿಲ್ಲ.

"ಶಾಲೆ ಮೇಷ್ಟ್ರು ಕಣೋ" ಎಂದಳು ಕೊನೆಗೆ. "ಎರಡನೇ ಸಾಲಲ್ಲಿ ಕೂರ್ತಾರೆ, ಸದಾ ಕೆಮ್ತಿರ್ತಾರೆ. ನೀನು ಅವರನ್ನ ದಿನಾ ನೋಡ್ತೀಯ."

"ಅಕ್ಕ, ನಿನ್ನನ್ನ ಬಿಟ್ಟುಕೊಟ್ಟೆ ಅಂತ ನನಗೆ..."

"ಅದನ್ನ ಬಿಡು. ನಿನಗೆ ಅದೇ ದೊಡ್ಡದಾಗಿ ಕಾಣ್ತಿದೆ. ಅಕ್ಕನ್ನ ತ್ಯಾಗ ಮಾಡಿದೆ, ಅಯ್ಯೋ ಪಾಪಿ ನಾನು ಅಂತ. ನೀನು ನನ್ನನ್ನ ಕೊಡಲಿಲ್ಲ. ನಾನು ಕೂರೋ ಜಾಗ ಕೊಟ್ಟೆ. ಅದು ನಂದಲ್ಲ, ಆ ಬೀದಿಗಳ ಜನರದ್ದು. ಮೇಷ್ಟ್ರದ್ದು ಅವರ ಬೀದಿಯವರದ್ದು."

"ಮೊದಲೇ ಕೇಳಿದ್ರೆ ಏನಂತಿದ್ದೆ?"

"ಕೊಡಕ್ಕಾಗಲ್ಲ ಅಂತಿದ್ದೆ. ಅದು ಗೊತ್ತಿದ್ದೇ ನೀನು ಕೇಳಲಿಲ್ಲ." ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಅದು ಅವನದೇ ಅಂಗಿ. ವಾರದ ಬಟ್ಟೆ ಅವಳ ಮನೆಗೇ ಬರುತ್ತಿತ್ತು. "ತಗೊಂಡು ಹೋಗು. ಕಾಲರ್ ಹರಿದಿದೆ, ನೋಡ್ಕೊಳ್ಳೋದಿಲ್ವಾ?"

ಬಿಸಿ ಅಂಗಿಯನ್ನು ಎದೆಗೊತ್ತಿಕೊಂಡು ಮೇಲೆ ಹೋದ. ಅವಳು ಅತ್ತಿದ್ದರೆ, ಮುಖಕ್ಕೆ ಬಾಗಿಲು ಹಾಕಿದ್ದರೆ ಅವನಿಗೆ ಮಾಡಲು ಏನಾದರೂ ಇರುತ್ತಿತ್ತು. ಈಗ ತನ್ನ ಪಾಪವೂ ತನ್ನ ಅಳತೆಗೆ ಹೊಲಿದದ್ದಲ್ಲ ಎಂಬಂತಾಗಿತ್ತು. ಕಚೇರಿಯಲ್ಲಿ ಯಾರೂ ಈಗ ಅವನನ್ನು ಅಲ್ಪವಿರಾಮ ಎನ್ನುತ್ತಿರಲಿಲ್ಲ. ಅಡ್ಡಹೆಸರಿನ ಸಲಿಗೆಯೂ ಹೋಗಿ, ಸಾರ್ ಎನ್ನುತ್ತಿದ್ದರು. ಲಿಫ್ಟಿನಲ್ಲಿ ಅವನು ಹೊಕ್ಕರೆ ಮಾತು ನಿಲ್ಲುತ್ತಿತ್ತು. ಶಾಲೆ ಮೇಷ್ಟ್ರನ್ನು ಕಂಡು ಕ್ಷಮೆ ಕೇಳಬೇಕೆಂದು ಒಂದು ದಿನ ಅವರ ಹಿಂದೆಯೇ ಉದ್ದನೆಯ ಕಾರಿಡಾರ್ ದಾಟಿದ. ಅವರು ಕೆಮ್ಮುತ್ತ ಶೌಚಾಲಯದೊಳಗೆ ಹೋದರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಅಲ್ಲಿ ಹೇಳುವ ಮಾತಲ್ಲ ಇದು ಎಂದು ಹಿಂದಿರುಗಿದ. ಮತ್ತೆ ಪ್ರಯತ್ನ ಮಾಡಲಿಲ್ಲ.

ಹಸ್ತಾಂತರಕ್ಕೆ ಸ್ವಲ್ಪ ಮುಂಚೆ ಬೂದು ಕೋಟಿನವನು ಫೋನು ಮಾಡಿದ. "ತಮ್ಮ ಆರೋಗ್ಯ ಹೇಗಿದೆ?" ಎಂದ. ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ತಮಗೆ ನನ್ನ ಮೇಲೆ ಅಸಮಾಧಾನವಿರಬಹುದು. ತಾವು ನನ್ನ ಸ್ಥಾನದಲ್ಲಿದ್ದರೆ ಆ ವಾಕ್ಯವನ್ನು ಕೈಬಿಡುತ್ತಿದ್ದಿರಾ?" ಬಿಡುತ್ತಿರಲಿಲ್ಲ. ಅವನಿಗೆ ಅದು ಗೊತ್ತಿತ್ತು. "ಅಧಿಕಾರಿಗಳೆಲ್ಲರೂ ಯಥಾಸ್ಥಿತಿಯಲ್ಲಿ ಮುಂದುವರಿಯತಕ್ಕದ್ದು ಎಂದು ನಿರ್ಧಾರವಾಗಿದೆ. ತಾವೂ ಮುಂದುವರಿಯುವಿರಿ. ಹೊಸ ಮಂಡಳಿಯ ಕಾಯಿದೆಯನ್ನು ತಾವೇ ಬರೆಯಬೇಕೆಂದು ನನ್ನ ಅಪೇಕ್ಷೆ. ತಮ್ಮಷ್ಟು ಸ್ವಚ್ಛವಾಗಿ ಬರೆಯುವವರು ನಮ್ಮಲ್ಲಿಲ್ಲ." ಹೊಗಳಿಕೆ ಒಳಗೆಲ್ಲೋ ತಾಗಿ ಹಿತವಾಯಿತು. ಹಿತವಾದದ್ದು ತಿಳಿದು ಫೋನನ್ನು ಕುಕ್ಕಿದ. ಒಬ್ಬ ಮತದಾರನೂ ಆರಿಸದ ಮನುಷ್ಯ ತಾನು. ಯಾವ ತಡೆಯಿಲ್ಲದೆ ಮುಂದುವರಿಯುವವನು ಅಂಥವನೇ.

ಹಸ್ತಾಂತರ ಮಧ್ಯಾಹ್ನಕ್ಕೆ. ಬೆಳಿಗ್ಗೆ ಸಭೆಯ ಕಡೆಯ ಅಧಿವೇಶನ. ಅಧಿಕಾರಿಗಳ ಗ್ಯಾಲರಿಯಲ್ಲಿ ಅವನು ಕೂತಿದ್ದ. ದೊಡ್ಡ ದೊಡ್ಡ ಮಾತುಗಳಾಗುತ್ತವೆಂದು ಪತ್ರಕರ್ತರು ತುಂಬಿದ್ದರು. ಕೆಲವರು ಆಡಿದರು ಕೂಡ. ಅಕ್ಕನ ಸರದಿ ಬಂದಾಗ ಅವಳು ಕನ್ನಡಕ ಹಾಕಿಕೊಂಡು, ತನ್ನ ಕ್ಷೇತ್ರದ ಕೆಳಗಿನ ಬೀದಿಯಲ್ಲಿ ಒಳಚರಂಡಿ ಒಡೆದು ಮನೆಗಳಿಗೆ ನುಗ್ಗುತ್ತಿರುವುದು ಸಚಿವರಿಗೆ ಗೊತ್ತಿದೆಯೇ ಎಂದು ಕೇಳಿದಳು. ಯಾರೋ ಕಿಸಕ್ಕೆಂದು ನಕ್ಕರು. ಸಚಿವರು ಎದ್ದರು. ಅವರಿಗೆ ಉಳಿದಿದ್ದದ್ದು ಒಂದೆರಡು ಗಂಟೆ. ತಿಂಗಳೊಳಗೆ ದುರಸ್ತಿ ಮಾಡಿಸಲಾಗುವುದು ಎಂದರು. "ಹೋದ ಸಲವೂ ತಿಂಗಳು ಅಂದ್ರಿ" ಎಂದಳು ಅಕ್ಕ. "ಈ ಸಲ ಖಂಡಿತ" ಎಂದರು ಸಚಿವರು, ಮುಖದಲ್ಲಿ ಎಳ್ಳಷ್ಟೂ ನಗುವಿಲ್ಲದೆ. ಯಾರೂ ಮತ್ತೆ ನಗಲಿಲ್ಲ. ಅವನಿಗೆ ಎದ್ದು ಕಿರುಚಬೇಕೆನಿಸಿತು. ಯಾರ ಮೇಲೆಂದು ಗೊತ್ತಾಗದೆ ಸುಮ್ಮನೆ ಕೂತ.

ಮರುದಿನ ಬೆಳಿಗ್ಗೆ ಮೆಟ್ಟಿಲ ಕೆಳಗೆ ಅಕ್ಕ ಕೈಚೀಲ ಹಿಡಿದು ಸಿದ್ಧಳಾಗಿ ನಿಂತಿದ್ದಳು. "ನಡಿ" ಎಂದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಮಾತುಕತೆ ಶುರುವಾಗುವವರೆಗೆ ಎಷ್ಟೋ ವರ್ಷ ಒಂದೇ ಕಾರಿನಲ್ಲಿ ಒಂದೇ ಕಟ್ಟಡಕ್ಕೆ ಹೋಗುತ್ತಿದ್ದವರು. ದಾರಿಯಲ್ಲಿ ಹೊಸ ಬಾವುಟಗಳಿದ್ದವು. ಹಾಲಿನ ವ್ಯಾನು, ಶಾಲೆಯ ಬಸ್ಸು, ಹಾರನ್ನು ಎಲ್ಲ ಹಳೆಯವೇ. ಮುಂಬಾಗಿಲ ಕಬ್ಬಿಣದ ಗೇಟು ಹಾಕಿತ್ತು. ಪಕ್ಕದ ಚಿಕ್ಕ ಬಾಗಿಲು ಮಾತ್ರ ತೆರೆದಿತ್ತು. ಕಾವಲಿನವನು ಹಳಬನೇ, ಟೋಪಿ ಮಾತ್ರ ಹೊಸತು. ಟೋಪಿ ದೊಡ್ಡದಾಗಿ ಹುಬ್ಬಿನ ಮೇಲೆ ಕೂತಿತ್ತು.

"ಅಮ್ಮಾ, ನಿಮ್ಮನ್ನ ಬಿಡೋ ಹಾಗಿಲ್ಲ" ಎಂದ ಅವನು, ಎಲ್ಲೋ ನೋಡುತ್ತ. "ಸಾರ್ ಹೋಗಬಹುದು. ಸಾರ್ ಪಾಸು ನಡೆಯುತ್ತೆ."

"ಗೊತ್ತು" ಎಂದಳು ಅಕ್ಕ. "ಒಳಗೆ ಬಿಡು ಅಂತ ನಾನೆಲ್ಲಿ ಕೇಳ್ದೆ? ಇಲ್ಲಿ ನಿಲ್ಲಬಹುದಾ?"

"ನಿಂತ್ಕೊಳ್ಳಿ. ಅದಕ್ಕೇನಂತೆ."

ಅವಳು ನಿಂತಳು. ಮಂಡಿ ನೋವಿನವಳು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಹಾಕುತ್ತಿದ್ದಳು. ರಸ್ತೆಯಾಚೆಯಿಂದ ಕೆಮ್ಮು ಕೇಳಿಸಿತು. ಶಾಲೆ ಮೇಷ್ಟ್ರು ಎರಡೂ ಕಡೆ ನೋಡಿಕೊಂಡು ನಿಧಾನಕ್ಕೆ ದಾಟಿ ಬಂದು, ಅಕ್ಕನ ಪಕ್ಕ ನಿಂತು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಅವನ ಕಡೆ ನೋಡಿ ತಲೆಯಾಡಿಸಿದರು, ಎಂದಿನಂತೆ. ಅಷ್ಟೇ. ಹಿಂದೆ ಗುಮಾಸ್ತರು ಕಾಯುತ್ತಿದ್ದರು. ಬಾಗಿಲಿಗೆ ಅಡ್ಡ ನಿಂತವನು ಅವನೇ. "ಹೋಗೋ, ಹೊತ್ತಾಗುತ್ತೆ" ಎಂದಳು ಅಕ್ಕ. ಆ ದನಿಯಲ್ಲಿ ಚುಚ್ಚು ಇರಲಿಲ್ಲ. ಅವನು ಒಳಗೆ ಹೋದ.

ಒಳಗೆ ತಣ್ಣಗಿತ್ತು. ಸಭಾಂಗಣದ ಬಾಗಿಲಿಗೆ ಬೀಗ. ಅದರ ಎದುರಿನ ಸಮಿತಿ ಕೋಣೆ ತೆರೆದಿತ್ತು; ಕಸ ಗುಡಿಸುವವಳು ಮೇಜಿನ ಸುತ್ತಲಿನ ಕುರ್ಚಿಗಳನ್ನು ಗೋಡೆಗೆ ಸರಿಸಿಟ್ಟು ಹೋಗಿದ್ದಳು. ಅವನ ಕಾಲು ಲಿಫ್ಟಿನ ಕಡೆಗೇ ನಡೆದಿತ್ತು. ಮೇಲೆ ಅವನ ಮೇಜಿನ ಮೇಲೆ ಹೊಸ ಕಾಯಿದೆಯ ಟಿಪ್ಪಣಿಗಳು ಬಂದಿರುತ್ತವೆ. ಹಿಂದಿರುಗಿ ಒಂದು ಕುರ್ಚಿಯನ್ನು ಎತ್ತಿದ. ಎತ್ತಿದ ಮೇಲೆಯೇ ತಾನು ಏನು ಮಾಡುತ್ತಿದ್ದೇನೆಂದು ತಿಳಿದದ್ದು. ತೇಗದ ಮರದ್ದು, ತೋಳುಗಳಿದ್ದದ್ದು, ಒಬ್ಬನಿಗೆ ಭಾರ. ಇನ್ನೊಂದು ಕೈಯಲ್ಲಿ ಇನ್ನೊಂದನ್ನು ಎಳೆದುಕೊಂಡ. ನುಣ್ಣನೆಯ ನೆಲದ ಮೇಲೆ ಅದು ಕಟ್ಟಡಕ್ಕೆಲ್ಲ ಕೇಳುವಂತೆ ಕಿರುಚಿತು. ಮಹಡಿಯ ಮೆಟ್ಟಿಲ ಮೇಲೆ ಬೂದು ಕೋಟಿನವನು ನಿಂತಿದ್ದ. "ಏನು ಮಾಡುತ್ತಿರುವಿರಿ?" ಎಂದ. ಉತ್ತರ ಹುಡುಕುತ್ತ ನಿಂತರೆ ಇಲ್ಲೇ ನಿಂತುಬಿಡುತ್ತೇನೆಂದು ಹೆದರಿ ಎಳೆಯುತ್ತಲೇ ಹೋದ.

"ಸಾರ್, ಕುರ್ಚಿ ಹೊರಗೆ ತರೋ ಹಾಗಿಲ್ಲ" ಎಂದ ಕಾವಲಿನವನು ಗಾಬರಿಯಾಗಿ.

"ಎಲ್ಲಿ ಬರೆದಿದೆ?"

ಕಾವಲಿನವನು ಟೋಪಿ ಮೇಲೆತ್ತಿ ಅವನ ಮುಖ ನೋಡಿದ. ಮೊದಲನೆಯ ಕುರ್ಚಿಯನ್ನು ಅವನು ಚಿಕ್ಕ ಬಾಗಿಲಿಗೆ ಒಡ್ಡಿದ. ತೋಳುಗಳು ಎರಡೂ ಕಡೆ ಕಬ್ಬಿಣಕ್ಕೆ ಸಿಕ್ಕಿಕೊಂಡವು. ನೂಕಿದ, ಬರಲಿಲ್ಲ. ಹಿಂದಕ್ಕೂ ಬರಲಿಲ್ಲ. ಬೆರಳ ಗೆಣ್ಣು ತರಚಿತು. ಹಿಂದೆ ಸದ್ದು ಕೇಳಿ ಬಂದ ಗುಮಾಸ್ತರು, ಮುಂದೆ ರಸ್ತೆ, ನಡುವೆ ಬಾಗಿಲಿಗೆ ಬಿರಟೆಯಂತೆ ಕುರ್ಚಿ. ಬೆವರು ಕಣ್ಣಿಗೆ ಇಳಿಯಿತು. ಅಳು ಬರುವಷ್ಟು ಸಿಟ್ಟು ಬಂತು, ಕುರ್ಚಿಯ ಮೇಲೆ, ಬಾಗಿಲ ಅಳತೆ ತೆಗೆದವನ ಮೇಲೆ. ಮೇಷ್ಟ್ರು ಕೆಮ್ಮುತ್ತಲೇ ಬಂದು ಆಚೆಯಿಂದ ಕುರ್ಚಿಯ ಕಾಲುಗಳನ್ನು ಹಿಡಿದರು. ಅಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ನೂಕಬೇಡ್ವೋ, ಎಷ್ಟು ಸಲ ಹೇಳ್ಬೇಕು ನಿನಗೆ? ಓರೆ ಮಾಡು. ಮೊದಲು ಒಂದು ತೋಳು ತೂರಿಸು. ಹಾಂ, ಹಾಗೆ. ಈಗ ತಿರುಗಿಸು."

ಅವನು ತಿರುಗಿಸಿದ.